ಹಳೆಯ ಕಾರು ಕೊಳ್ಳುವ ಮುನ್ನ

ಕಾರು ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಬದಿಯಡ್ಕ, ಪೆರ್ಲದ ಕಡೆಯ ಸಾಮಾನ್ಯ ಕುಟುಂಬಗಳೂ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಾರನ್ನು ಕೊಳ್ಳುತ್ತಿವೆ. ಆದರೆ ಬಣ್ಣ ನೋಡಿ, ಬ್ರೋಕರನ ಮಾತು ಕೇಳಿ ಕೊಂಡವರು ಬಳಿಕ ಪಶ್ಚಾತ್ತಾಪಪಡುವುದನ್ನು ನಾವು ಬಹಳ ಕಂಡಿದ್ದೇವೆ. ಆದುದರಿಂದ ನಾವು ಮಾಡಿದ ಲೆಕ್ಕವನ್ನು ಓದುಗರ ಮುಂದಿಡುತ್ತೇವೆ.

ನಮ್ಮ ಮುಂದೆ ಇದ್ದುದು ಎರಡು ಕಾರುಗಳು, ಎರಡೂ 2014ರ ಮಾರುತಿ. ಒಂದು ಕೆಎಲ್-14 ನೋಂದಣಿಯ ಆಲ್ಟೊ 800. ಇನ್ನೊಂದು ಮಂಗಳೂರಿನ ಕೆಎ-19 ನೋಂದಣಿಯ ವ್ಯಾಗನ್ ಆರ್.

ಆಲ್ಟೊದ ಎಂಜಿನು 796 ಸಿ.ಸಿ., ಶಕ್ತಿ ಸುಮಾರು 48 ಅಶ್ವಶಕ್ತಿ, ತೂಕ ಸುಮಾರು 700 ಕಿಲೊ. ವ್ಯಾಗನ್ ಆರ್‌ನದು 998 ಸಿ.ಸಿ., 68 ಅಶ್ವಶಕ್ತಿ, ತೂಕ ಸುಮಾರು 875 ಕಿಲೊ. ಖಾಲಿ ಕಾರಿನಲ್ಲಿ ನೂರು ಕಿಲೊಗೆ 6.9ರ ಎದುರು 7.8 ಅಶ್ವಶಕ್ತಿ, ದೊಡ್ಡ ವ್ಯತ್ಯಾಸವೇನಲ್ಲ. ಆದರೆ ನಾವು ಐವರು ಕುಳಿತು 300 ಕಿಲೊ ಸೇರಿದರೆ ಅದು 4.8ರ ಎದುರು 5.8 ಆಗುತ್ತದೆ. ಮುರಕಲ್ಲಿನ ಗುಡ್ಡದ ಏರಿನಲ್ಲಿ, ಮಳೆಗಾಲದಲ್ಲಿ, ಈ ಒಂದು ಅಂಕದ ಬೆಲೆ ತಿಳಿಯುತ್ತದೆ.

ಮೈಲೇಜಿನಲ್ಲಿ ಆಲ್ಟೊ ಮುಂದು. ಕಂಪೆನಿಯ ಲೆಕ್ಕದಂತೆ ಲೀಟರಿಗೆ 22.74 ಕಿ.ಮೀ.; ವ್ಯಾಗನ್ ಆರ್ 20.51. ನಿಜ ರಸ್ತೆಯಲ್ಲಿ ಎರಡೂ ಕಡಿಮೆಯೇ ಕೊಡುತ್ತವೆ. ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ ವ್ಯತ್ಯಾಸ ಸುಮಾರು 29 ಲೀಟರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ 2,900 ರೂಪಾಯಿ. ಮಂಡಿನೋವಿನ ನಮ್ಮ ಅಮ್ಮ ಬಗ್ಗದೆ ಹತ್ತಿ ಕೂರಲು ಎತ್ತರದ ವ್ಯಾಗನ್ ಆರ್ ಒದಗುವುದಾದರೆ ಆ ಹಣ ಹೆಚ್ಚಲ್ಲ ಎಂದು ನಮಗೆ ತೋರಿತು.

ಆದರೆ ಅಂಕಿಗಳಷ್ಟೇ ಸಾಲದು. ಕಡಲ ಗಾಳಿಯ ಊರಿನ ಕಾರು. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ನೋಡಬೇಕು. ಟಯರಿನ ಮೇಲಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ಎಂದು ನೋಡಬೇಕು. 2014ರ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಅಂದರೆ 2029ರಲ್ಲಿ ಮುಗಿಯುತ್ತದೆ ಎಂಬುದನ್ನೂ ಮರೆಯಬಾರದು.

ಗಡಿಯಾಚೆಯ ಕಾರಿಗೆ ಇನ್ನೊಂದು ಖರ್ಚಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕೇರಳದ ನೋಂದಣಿ ಪಡೆಯಲೇಬೇಕು; ಅದಕ್ಕೆ ಮೊದಲು ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಬಳಿಕ ಇಲ್ಲಿನ ತೆರಿಗೆ ಕಟ್ಟಬೇಕು. ಮಂಗಳೂರಿನಲ್ಲಿ ಅಗ್ಗವಾಗಿ ಕಂಡದ್ದು ತಲಪಾಡಿ ದಾಟಿದ ಮೇಲೆ ಅಷ್ಟು ಅಗ್ಗವಲ್ಲ. ನಾವು ಇದನ್ನೆಲ್ಲ ಕೂಡಿಸಿ, ಬೆಲೆ ಇಳಿಸಿಕೊಂಡೇ ವ್ಯಾಗನ್ ಆರ್ ಕೊಂಡೆವು.

ಈಗ ಮುಖ್ಯ ಮಾತು. ಬ್ರೋಕರ್ ಮುಂದಿಟ್ಟ ಕರಾರುಪತ್ರ ಮಲಯಾಳದಲ್ಲಿತ್ತು. ಪೇಟೆಯಲ್ಲಿ ಮಲಯಾಳ ಮಾತಾಡುವ ನಮಗೂ ಕಾನೂನಿನ ಮಲಯಾಳ ಓದುವುದು ಸುಲಭವಲ್ಲ. ಗೊತ್ತಿದ್ದವರಿಂದ ಓದಿಸಿದಾಗ, ಹಳೆಯ ದಂಡಗಳಿದ್ದರೂ ಕೊಳ್ಳುವವನೇ ಕಟ್ಟತಕ್ಕದ್ದೆಂಬ ಒಂದು ಸಾಲು ಸಿಕ್ಕಿತು. ಅದನ್ನು ಹೊಡೆದುಹಾಕಿಸಿದ ಮೇಲೆಯೇ ಸಹಿ ಹಾಕಿದೆವು. ಓದದೆ ಸಹಿ ಹಾಕುವ ನಮ್ಮ ಹಿರಿಯರ ಸಂಕೋಚವೇ ಇಂಥವರ ಬಂಡವಾಳ.

1969ರ ಕೇರಳ ರಾಜಭಾಷಾ ಶಾಸನವು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಬ್ರೋಕರನಿಗೆ ಆ ಶಾಸನ ಅನ್ವಯಿಸದು. ಆದರೆ ವಾಹನ ಕಚೇರಿಗೆ ಬರೆಯುವ ಅರ್ಜಿಯನ್ನಾದರೂ ನಾವು ಕನ್ನಡದಲ್ಲಿ ಬರೆಯೋಣ. ಬಳಸದ ಹಕ್ಕು ನಿಲ್ಲಿಸಿಟ್ಟ ಕಾರಿನಂತೆ, ಕುಳಿತಲ್ಲೇ ತುಕ್ಕು ಹಿಡಿಯುತ್ತದೆ.