ಹಾಲುಹಲ್ಲಿಗೂ ಮಾತಿಗೂ ನಂಟು

‘ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತದೆ’ ಎಂಬ ಮಾತು ಕೇಳದ ಮನೆಯಿಲ್ಲ. ಈ ಉದಾಸೀನ ಸರಿಯಲ್ಲ. ತ, ಥ, ದ, ಧ, ನ ಅಕ್ಷರಗಳನ್ನು ನಮ್ಮ ವೈಯಾಕರಣರು ಸುಮ್ಮನೆ ‘ದಂತ್ಯ’ ಎಂದು ಕರೆಯಲಿಲ್ಲ. ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂಬದಿಗೆ ತಾಗಿದಾಗ ಅವು ಹುಟ್ಟುತ್ತವೆ. ‘ಸ’ಕಾರ ಸ್ಪಷ್ಟವಾಗಲೂ ಆ ಹಲ್ಲುಗಳ ಅಂಚು ಬೇಕು.

ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸುವ ಅಭ್ಯಾಸವಿದ್ದರೆ ಮೊದಲು ಹುಳುಕಾಗುವುದು ಇವೇ ಹಲ್ಲುಗಳು. ಕೆಳಗಿನ ಮುಂಬಲ್ಲುಗಳನ್ನು ನಾಲಿಗೆ ಮುಚ್ಚಿ ಕಾಯುತ್ತದೆ; ಮೇಲಿನವಕ್ಕೆ ಆ ಭಾಗ್ಯವಿಲ್ಲ. 3ನೇ ವರ್ಷದಲ್ಲಿ ಹೋದ ಹಲ್ಲಿನ ಜಾಗಕ್ಕೆ ಶಾಶ್ವತ ಹಲ್ಲು ಬರುವುದು ಸುಮಾರು 7-8ರಲ್ಲಿ. ಉಚ್ಚಾರಣೆ ಕುದುರುವ ವರ್ಷಗಳೆಲ್ಲ ಈ ನಡುವೆಯೇ! ಅನೇಕ ಮಕ್ಕಳು ತಾವಾಗಿ ಹೊಂದಿಕೊಳ್ಳುತ್ತಾರೆ, ನಿಜ. ಕೆಲವರಿಗೆ ಮಾತ್ರ ಸಂದಿಯಿಂದ ನಾಲಿಗೆ ಚಾಚಿ ಮಾತಾಡುವುದೇ ರೂಢಿಯಾಗಿಬಿಡುತ್ತದೆ.

ಹಾಗೆಂದು ಎಲ್ಲ ದೋಷವನ್ನೂ ಹಲ್ಲಿನ ತಲೆಗೆ ಕಟ್ಟಬೇಡಿ. 2 ವರ್ಷ ತುಂಬಿದರೂ ಎರಡು ಪದ ಜೋಡಿಸದ, ಕರೆದರೆ ತಿರುಗದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಈ ಕೆಲಸಕ್ಕೆಂದೇ ಇದೆ. ಉಳಿದ ತಾಯಂದಿರು (ಅಜ್ಜಿಯರೂ ಸೇರಿ) ಇಂದು ರಾತ್ರಿಯೇ ಆ ಬಾಟಲಿಯನ್ನು ಹಾಸಿಗೆಯಿಂದ ದೂರವಿಡಲಿ.