ಕಂಪೆನಿಗೆ ಬಾಗಿಲಿಲ್ಲವೆ?

ಮನೆ ಮಾರುವಾಗ ಕಟ್ಟಡ ಕಂಪೆನಿಯ ವಿಳಾಸ ಎಲ್ಲೆಲ್ಲೂ ರಾರಾಜಿಸುತ್ತದೆ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಹಂಚುವ ಕರಪತ್ರದಲ್ಲಿ ಅದೇ, ಕಲ್ಯಾಣ-ಶೀಳ್ ರಸ್ತೆಯ ಫಲಕದಲ್ಲೂ ಅದೇ. ಆದರೆ ವಾಯಿದೆ ತಪ್ಪಿ ಗ್ರಾಹಕ ನೋಟೀಸು ಕಳಿಸಿದನೆನ್ನಿ, ಆ ಬಾಗಿಲೇ ಮಾಯ! "ಸಾಹೇಬರಿಲ್ಲ" ಎನ್ನುತ್ತಾನೆ ಕಾವಲುಗಾರ. "ಕಾಗದ ತೆಗೆದುಕೊಳ್ಳಲು ನನಗೆ ಅಧಿಕಾರವಿಲ್ಲ" ಎನ್ನುತ್ತಾನೆ ಗುಮಾಸ್ತ. ಚೆಕ್ಕು ಪಡೆಯುವಾಗ ಇದ್ದ ಅಧಿಕಾರ ಈಗೆಲ್ಲಿ ಹೋಯಿತು? ಊರಿನ ಗದ್ದೆ ಮಾರಿ, ಭವಿಷ್ಯನಿಧಿ ಬರಿದು ಮಾಡಿ ಹಣ ಕಟ್ಟಿದ ನಮ್ಮವರು ಈ ಪ್ರಶ್ನೆ ಕೇಳಲೇಬೇಕು.

ಕಂಪೆನಿ ಕಾನೂನು ಹುಟ್ಟಿಸಿದ ವ್ಯಕ್ತಿ. ಅದಕ್ಕೆ ಕೈಕಾಲಿಲ್ಲವೆಂದೇ ಕಾನೂನು ಅದಕ್ಕೊಂದು ಮನೆ ಕಟ್ಟಿಕೊಟ್ಟಿದೆ. 2013ರ ಕಂಪೆನಿ ಕಾಯಿದೆಯ 12ನೆಯ ಕಲಮಿನಂತೆ, ಪತ್ರಗಳನ್ನು ಪಡೆದು ಸ್ವೀಕೃತಿ ನೀಡಬಲ್ಲ ನೋಂದಾಯಿತ ಕಚೇರಿ ಇರಲೇಬೇಕು. ವ್ಯವಹಾರ ನಡೆಯುವ ಪ್ರತಿ ಸ್ಥಳದ ಹೊರಗೂ ಆ ವಿಳಾಸವನ್ನು ಸ್ಥಳೀಯ ಲಿಪಿಯಲ್ಲಿಯೂ ಬರೆದಿರಬೇಕು. ತಪ್ಪಿದರೆ ದಿನಕ್ಕೆ ಸಾವಿರ ರೂಪಾಯಿ ದಂಡ. ಆದರೆ ಒಂದು ಲಕ್ಷ ಮುಟ್ಟಿದರೆ ಅಲ್ಲಿಗೆ ಮುಗಿಯಿತು! ಒಂದೊಂದು ಫ್ಲ್ಯಾಟಿಗೆ ಹತ್ತಾರು ಲಕ್ಷ ಎಣಿಸುವವರಿಗೆ ಇದೊಂದು ದಂಡವೆ?

ಕಂಪೆನಿ ಪಕ್ಷದ ವಕೀಲರು ಶಾಲಿಮಾರ್ ರೋಪ್ ವರ್ಕ್ಸ್ ಪ್ರಕರಣವನ್ನು ಮುಂದೊಡ್ಡುತ್ತಾರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 29ನೆಯ ಆದೇಶ ಕಾರ್ಯದರ್ಶಿ, ನಿರ್ದೇಶಕ ಅಥವಾ ಮುಖ್ಯ ಅಧಿಕಾರಿಯನ್ನು ಹೆಸರಿಸುತ್ತದೆ. ಸಾಮಾನ್ಯ ಕಚೇರಿ ನೌಕರನ ಕೈಗಿತ್ತ ಸಮನ್ಸು ಕಂಪೆನಿಗೆ ಸಂದಂತಾಗಲಿಲ್ಲವೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತೀರ್ಪು ಯೋಗ್ಯವಾದುದೇ. ಅಹವಾಲು ಕೇಳದೆ ಯಾರನ್ನೂ ದಂಡಿಸಕೂಡದು. ಆದರೆ ತಿಳಿಯದವನಿಗೆ ಕೊಟ್ಟ ರಕ್ಷಣೆ, ತಿಳಿದೂ ಅಡಗಿ ಕೂತವನಿಗೆ ಏಕೆ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 65ನೆಯ ಕಲಮು ಇದಕ್ಕೆ ನೇರ ಉತ್ತರ ಕೊಟ್ಟಿದೆ: ಆಯೋಗದ ನೋಟೀಸನ್ನು ನಿರಾಕರಿಸಿದರೆ ಅದು ಜಾರಿಯಾಯಿತೆಂದೇ ಆಯೋಗ ಘೋಷಿಸಬೇಕು. ಹೀಗಿರುವಾಗ "ಇನ್ನೊಂದು ತಾರೀಖು" ಎಂಬ ದಾಕ್ಷಿಣ್ಯ ಯಾರಿಗಾಗಿ?

ನಮ್ಮ ಕಡೆಯ ಆಲಸ್ಯವೂ ಕಡಿಮೆಯದಲ್ಲ. ಮಾರಾಟದ ಹುಡುಗನ ಹೆಸರಿಗೋ, ನಾಳೆ ಕಿತ್ತುಹಾಕುವ ಸೈಟ್ ಆಫೀಸಿಗೋ ಕಾಗದ ಬರೆದು, ಲಕೋಟೆ ಮರಳಿದೊಡನೆ "ನಮ್ಮ ಹಣೆಬರಹ" ಎಂದು ಕೂರುತ್ತೇವೆ. ಬಂಧುಗಳೇ, ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ವಿಳಾಸ ಸಿಗುತ್ತದೆ. ಅಲ್ಲಿಗೇ ಬರೆಯಿರಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಶೀದಿ ಕಾದಿಡಿ. ಮರಳಿದ ಲಕೋಟೆಯನ್ನು ಒಡೆಯಬೇಡಿ, ಎಸೆಯಬೇಡಿ. ಅಂಚೆಯವನ ಷರಾ ನಿಮ್ಮ ಸಾಕ್ಷಿ. ಕಂಪೆನಿ ಮುಂಬಯಿ ಕೋಟೆಯಲ್ಲಿದ್ದರೂ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು 2019ರ ಕಾಯಿದೆ ಅವಕಾಶವಿತ್ತಿದೆ. ಠಾಣೆಯವರು ಠಾಣೆಯಲ್ಲೇ ಕೇಳಬಹುದು.

ಕಂಪೆನಿಗಳ ರಿಜಿಸ್ಟ್ರಾರರಿಗೆ ನೋಂದಾಯಿತ ಕಚೇರಿಯನ್ನು ಕಣ್ಣಾರೆ ಪರಿಶೀಲಿಸುವ ಅಧಿಕಾರವೂ ಇದೆ. ಒಬ್ಬನ ದೂರು ಕಡತದಲ್ಲಿ ಹೂತುಹೋದೀತು. ಒಂದೇ ಕಟ್ಟಡದ ನಲವತ್ತು ಮನೆಯವರು ಮರಳಿದ ಲಕೋಟೆಗಳ ನಕಲು ಜೋಡಿಸಿ ಒಟ್ಟಾಗಿ ಬರೆದರೆ ಹಾಗಾಗದು. ಹಬ್ಬಕ್ಕೆ, ಯಕ್ಷಗಾನಕ್ಕೆ ಜನ ಕೂಡಿಸಬಲ್ಲ ನಮ್ಮ ಸಂಘಗಳು ತಿಂಗಳಿಗೊಂದು ಭಾನುವಾರ ಸದಸ್ಯ ವಕೀಲರನ್ನು ಕೂರಿಸಿ, ಈ ಅರ್ಜಿಗಳನ್ನು ಬರೆಸಿಕೊಡಲಿ.