ಪಂಪ್‌ಹೌಸಿಗೆ ರಾತ್ರಿಯಿಡೀ ಫೋಕಸ್ ಲೈಟ್ ಯಾಕೆ?

ಕೃತ್ತಿಕೆ, ಮೃಗಶಿರ, ಆರಿದ್ರ ಅಂತ ಮಳೆ ಲೆಕ್ಕ ಹಾಕ್ತೀವಿ, ಆಕಾಶದಲ್ಲಿ ಅವು ಎಲ್ಲಿವೆ ಅಂತ ಎಷ್ಟು ಜನಕ್ಕೆ ಗೊತ್ತು? ಆ ಮಳೆ ದಿನಗಳಲ್ಲಿ ಸೂರ್ಯ ಅವುಗಳ ಹತ್ತಿರವೇ ಇರ್ತಾನೆ, ಕಾಣಲ್ಲ. ಕಾಣೋದು ಈ ಚಳಿಗಾಲದಲ್ಲೇ. ನೀರು ಕಟ್ಟೋಕೆ ಹೋದಾಗ ಬೈನಾಕ್ಯುಲರ್ ಹಿಡೀರಿ, ಮೊಣಕೈ ಟ್ರ್ಯಾಕ್ಟರ್ ಬಾನೆಟ್ ಮೇಲೆ ಊರಿ. ಬರಿಗಣ್ಣಿಗೆ ಆರೇಳು ಚುಕ್ಕೆಯ ಕೃತ್ತಿಕೆ ಹತ್ತಾರು ಆಗುತ್ತೆ. ಆರಿದ್ರದ ಕೆಳಗೆ ಸಾಲಾಗಿ ಮೂರು ಚುಕ್ಕೆ, ಅದಕ್ಕೂ ಕೆಳಗೆ ಹೊಗೆಯಂಥ ಮಬ್ಬು: ಅಲ್ಲಿ ಹೊಸ ನಕ್ಷತ್ರಗಳು ಹುಟ್ತಾ ಇವೆ.

ಆದ್ರೆ ಕತ್ತಲಿಗೆ ಕಣ್ಣು ಒಗ್ಗೋಕೆ ಅರ್ಧ ಗಂಟೆ ಬೇಕು. ನಿಮ್ಮ ಲೈಟು ಒಮ್ಮೆ ಬಡಿದ್ರೆ ಮತ್ತೆ ಮೊದಲಿಂದ. ಕಳ್ಳರ ಭಯ ಅಂತೀರಾ? ಸೆನ್ಸರ್ ಹಾಕಿಸಿ, ಬೆಳಕನ್ನ ಸ್ಟಾರ್ಟರ್ ಕಡೆ ಬಗ್ಗಿಸಿ. ತೆಂಗಿನ ಸುಳಿಗೆ ಹಿಡಿದ್ರೆ ಯಾವ ಕಳ್ಳ ಸಿಗ್ತಾನ್ರೀ?